‘ಕ್ಲಾರ್ಕ್’ : ಒಂದು ಶಬ್ದದ ಚರಿತ್ರೆ

1

ನಮ್ಮ ಕಚೇರಿಗಳಲ್ಲಿ ‘ಕ್ಲಾರ್ಕ್’ ಎಂಬ ಇಂಗ್ಲಿಷ್ ಶಬ್ದಕ್ಕೆ ಅರ್ಥವಿವರಣೆ ಬೇಕಾಗುವುದಿಲ್ಲ. ಕಡತಗಳನ್ನು ಸಿದ್ಧಪಡಿಸುವವನು, ಲೆಕ್ಕ ಬರೆಯುವವನು, ಅರ್ಜಿಗಳನ್ನು ದಾಖಲೆಮಾಡಿಕೊಳ್ಳುವವನು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಇದೇ ಶಬ್ದ ಇಂಗ್ಲೆಂಡಿನ ಕಾನೂನಿನ ಪತ್ರಗಳಲ್ಲಿ ದೀಕ್ಷೆ ಪಡೆದ ಪಾದ್ರಿಯನ್ನು ಸೂಚಿಸುತ್ತದೆ. ಅಮೆರಿಕದಲ್ಲಿ ಅಂಗಡಿಯಲ್ಲಿ ನಿಂತು ಸರಕು ಮಾರುವವನನ್ನು ಸೂಚಿಸುತ್ತದೆ. ಬ್ರಿಟನ್ನಿನ ಕಾಮನ್ಸ್ ಸಭೆಯ ಅತ್ಯಂತ ಹಿರಿಯ ಅಧಿಕಾರಿಯ ಪದನಾಮವೂ ಇದೇ ಆಗಿದೆ. ಇದರಿಂದ ಹುಟ್ಟಿದ ‘ಕ್ಲೆರಿಕಲ್’ ಎಂಬ ವಿಶೇಷಣಕ್ಕೆ ‘ಪುರೋಹಿತವರ್ಗಕ್ಕೆ ಸಂಬಂಧಿಸಿದ’ ಎಂಬುದು ಒಂದು ಅರ್ಥ, ‘ಬರವಣಿಗೆಯ ಕೆಲಸಕ್ಕೆ ಸಂಬಂಧಿಸಿದ’ ಎಂಬುದು ಇನ್ನೊಂದು. ದೇವಾಲಯವೆಲ್ಲಿ, ಕಚೇರಿಯ ಮೇಜೆಲ್ಲಿ?

ಭಾಷಾಶಾಸ್ತ್ರದ ಪಠ್ಯಗಳಲ್ಲಿ ಇಂತಹ ಶಬ್ದಗಳನ್ನು ಅರ್ಥಾಪಕರ್ಷಕ್ಕೆ ಉದಾಹರಣೆಯಾಗಿ ಕೊಡುವುದುಂಟು. ಉನ್ನತವಾದ ಅರ್ಥದಿಂದ ಸಾಮಾನ್ಯವಾದ ಅರ್ಥಕ್ಕೆ ಶಬ್ದ ಇಳಿಯಿತೆಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸುತ್ತಾರೆ. ಈ ಶಬ್ದದ ಮಟ್ಟಿಗೆ ಅಷ್ಟು ಹೇಳಿದರೆ ಸಾಲದೆಂಬುದು ಪ್ರಕೃತ ಲೇಖನದ ಅಭಿಪ್ರಾಯ. ಇದರ ಅರ್ಥದ ಒಂದೊಂದು ತಿರುವಿನ ಹಿಂದೆಯೂ ಯಾರಿಗೆ ಓದುಬರಹ ತಿಳಿದಿದ್ದಿತು, ಯಾರಿಗೆ ತಿಳಿದಿರಲಿಲ್ಲ ಎಂಬ ಪ್ರಶ್ನೆಯಿದೆ. ಒಂದು ಕಾಲದಲ್ಲಿ ಈ ಪ್ರಶ್ನೆಗೆ ದೊರೆಯುತ್ತಿದ್ದ ಉತ್ತರದ ಮೇಲೆ ಮನುಷ್ಯನ ಪ್ರಾಣವೇ ನಿಂತಿದ್ದಿತು.

2

ಈ ಶಬ್ದದ ಮೂಲ ಗ್ರೀಕ್ ಭಾಷೆಯ ‘ಕ್ಲೇರೋಸ್’. ಚೀಟಿ ಹಾಕುವಾಗ ಉಪಯೋಗಿಸುತ್ತಿದ್ದ ಕಲ್ಲಿನ ಹರಳು, ಮರದ ಚೂರು ಅಥವಾ ಮಡಕೆಯ ಬಿಲ್ಲೆ ಎಂಬುದು ಇದರ ಮೊದಲ ಅರ್ಥ. ಹೋಮರನ ‘ಇಲಿಯಡ್’ ಕಾವ್ಯದ ಏಳನೆಯ ಸರ್ಗದಲ್ಲಿ, ಹೆಕ್ಟರನೊಡನೆ ದ್ವಂದ್ವಯುದ್ಧಕ್ಕೆ ಯಾರು ಹೋಗಬೇಕೆಂಬುದನ್ನು ನಿರ್ಧರಿಸಲು ಗ್ರೀಕ್ ವೀರರು ತಮ್ಮ ತಮ್ಮ ಕ್ಲೇರೋಸ್‌ಗಳಿಗೆ ಗುರುತುಹಾಕಿ ಅಗಮೆಮ್ನಾನನ ಶಿರಸ್ತ್ರಾಣದಲ್ಲಿ ಇಡುತ್ತಾರೆ. ಅಯಾಸನ ಗುರುತು ಹೊರಬೀಳುತ್ತದೆ. ಹೀಗೆ ಚೀಟಿಯ ಮೂಲಕ ಹಂಚಿಕೆಯಾದ ಭೂಮಿಗೂ ಮುಂದೆ ಇದೇ ಹೆಸರು ಸಂದಿತು. ಅಥೆನ್ಸಿನವರು ಗೆದ್ದ ನಾಡುಗಳಲ್ಲಿ ಭೂಮಿಯ ಪಾಲು ಪಡೆದು ನೆಲಸಿದ ಪ್ರಜೆಗಳನ್ನು ‘ಕ್ಲೇರೂಖೊಯ್’, ಎಂದರೆ ಪಾಲುದಾರರು, ಎಂದು ಕರೆಯುತ್ತಿದ್ದರು. ಪಾಲಿನಿಂದ ಪಿತ್ರಾರ್ಜಿತ ಎಂಬ ಅರ್ಥಕ್ಕೆ ದೂರವೇನೂ ಇಲ್ಲ. ಅಣ್ಣತಮ್ಮಂದಿರು ಆಸ್ತಿಯನ್ನು ವಿಭಾಗಮಾಡಿಕೊಳ್ಳುವಾಗ ಚೀಟಿ ಎತ್ತಿ ಪಾಲು ಹಿಡಿಯುವ ಪದ್ಧತಿಯನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಚೀಟಿ, ಪಾಲು, ಆಸ್ತಿ ಎಂಬ ಈ ಮೂರು ಅರ್ಥಗಳ ನಂಟನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಯೆಹೂದ್ಯರ ಧರ್ಮಗ್ರಂಥವನ್ನು ಗ್ರೀಕಿಗೆ ಪರಿವರ್ತಿಸಿದವರು ಧರ್ಮೋಪದೇಶಕಾಂಡದ ಒಂದು ಪ್ರಸಂಗದಲ್ಲಿ ಈ ಶಬ್ದವನ್ನು ಬಳಸಿದರು. ಯಾಜಕರಾದ ಲೇವಿಯರಿಗೆ ಉಳಿದ ಕುಲಗಳಂತೆ ಭೂಮಿಯ ಪಾಲಿಲ್ಲ, ದೇವರೇ ಅವರ ಪಾಲು ಎಂಬುದು ಅಲ್ಲಿಯ ತಾತ್ಪರ್ಯ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿಯಿಂದ. ಅಲ್ಲಿಯೂ ಇರುವುದು ಕ್ಲೇರೋಸ್ ಶಬ್ದವೇ. ಕ್ರೈಸ್ತ ಸಂಘದಲ್ಲಿ ಪೂಜೆ ಉಪದೇಶಗಳಿಗೆ ನಿಯುಕ್ತರಾದವರಿಗೆ ‘ಕ್ಲೇರಿಕೋಸ್’ ಎಂಬ ಹೆಸರು ಬಂದುದು ಇದರಿಂದ. ಇದರ ನಿಷ್ಪತ್ತಿಯನ್ನು ಕುರಿತು ಪ್ರಾಚೀನರೇ ಚರ್ಚಿಸಿದ್ದಾರೆ. ಸಂತ ಜೆರೋಮನು ಕ್ರಿ. ಶ. 394ರಲ್ಲಿ ನೆಪೋಶಿಯನನಿಗೆ ಬರೆದ ಪತ್ರದಲ್ಲಿ, ಅವರು ದೇವರ ಪಾಲಿಗೆ ಸೇರಿದವರು ಅಥವಾ ದೇವರೇ ಅವರ ಪಾಲು, ಆದುದರಿಂದ ಈ ಹೆಸರು ಎಂದು ಅರ್ಥಮಾಡಿದನು. ಸಂತ ಆಗಸ್ಟೀನನು ಮತ್ತೀಯನ ಚೀಟಿಯನ್ನು ಕಾರಣವಾಗಿ ಹೇಳಿದನು. ಇವುಗಳಲ್ಲಿ ಯಾವುದನ್ನು ಒಪ್ಪಿದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಘಟ್ಟದಲ್ಲಿ ಶಬ್ದಕ್ಕೂ ಬರವಣಿಗೆಗೂ ಯಾವ ಸಂಬಂಧವೂ ಇರಲಿಲ್ಲ.

3

ಆ ಸಂಬಂಧ ಬೆಳೆದುದು ಪಶ್ಚಿಮ ಯೂರೋಪಿನಲ್ಲಿ ರೋಮನ್ ಸಾಮ್ರಾಜ್ಯ ಅಳಿದ ಮೇಲೆ. ಲ್ಯಾಟಿನ್ ಭಾಷೆ ಜನರ ಆಡುಮಾತಾಗಿ ಉಳಿಯದೆ ಹೋದರೂ ಚರ್ಚಿನ ಭಾಷೆಯಾಗಿ ಉಳಿಯಿತು. ಪುಸ್ತಕಗಳನ್ನು ಪ್ರತಿಮಾಡುವುದು, ಶಾಲೆಗಳನ್ನು ನಡೆಸುವುದು, ಅರಸರ ಆಜ್ಞೆಗಳನ್ನು ಬರೆಯುವುದು ಇವೆಲ್ಲ ಬಹುಮಟ್ಟಿಗೆ ಚರ್ಚಿನವರ ಕೈಯಲ್ಲಿದ್ದವು. ಅಂದಿನ ಬಳಕೆಯಲ್ಲಿ ‘ಕ್ಲೆರಿಕುಸ್’ ಎಂದರೆ ಅಕ್ಷರಸ್ಥ, ‘ಲಾಯಿಕುಸ್’, ಎಂದರೆ ಗೃಹಸ್ಥ, ಎಂದರೆ ಅನಕ್ಷರಸ್ಥ ಎಂಬ ಸಮೀಕರಣವೇ ನೆಲೆಗೊಂಡಿತು. ಇಂಗ್ಲೆಂಡಿನಲ್ಲಿ ಲಿಖಿತ ದಾಖಲೆಗಳು ಹಬ್ಬಿದ ಬಗೆಯನ್ನು ಕುರಿತು 1979ರಲ್ಲಿ ಪ್ರಸಿದ್ಧವಾದ ತಮ್ಮ ಗ್ರಂಥದಲ್ಲಿ ಎಂ. ಟಿ. ಕ್ಲಾಂಚಿಯವರು ಈ ಸಮೀಕರಣವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ವಿದ್ಯಾವಂತನಾದ ಗೃಹಸ್ಥನನ್ನು ಕ್ಲೆರಿಕುಸ್ ಎಂದೂ, ವಿದ್ಯೆಯಿಲ್ಲದ ಪಾದ್ರಿಯನ್ನು ಲಾಯಿಕುಸ್ ಎಂದೂ ಹೇಳುವಷ್ಟರ ಮಟ್ಟಿಗೆ ಆ ಶಬ್ದಗಳು ವಿದ್ಯೆಗೇ ಅಂಟಿಕೊಂಡಿದ್ದವೆಂಬುದನ್ನು ಅವರು ತೋರಿಸಿದ್ದಾರೆ. ಅಕ್ಷರಸ್ಥ ಎಂದರೆ ಅಂದು ಲ್ಯಾಟಿನ್ ಬಲ್ಲವನೆಂದೇ ಅರ್ಥವೆಂಬುದನ್ನೂ ಇಲ್ಲಿ ನೆನಪಿಡಬೇಕು.

ಲ್ಯಾಟಿನ್ನಿನಿಂದ ನೇರವಾಗಿ ಹಳೆಯ ಇಂಗ್ಲಿಷಿಗೆ ಬಂದಿದ್ದ ಶಬ್ದ, 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ‘ಕ್ಲೆರ್ಕ್’ ರೂಪದಿಂದ ಪುಷ್ಟಿಗೊಂಡಿತು. ಇದರ ವ್ಯಾಪ್ತಿಯೂ ವಿಶಾಲವಾಗಿದ್ದಿತು. ನೆತ್ತಿಯ ಕೂದಲನ್ನು ಕ್ಷೌರಮಾಡಿಸಿಕೊಂಡವರೆಲ್ಲರೂ ಈ ವರ್ಗಕ್ಕೆ ಸೇರುತ್ತಿದ್ದರು. ದ್ವಾರಪಾಲಕ, ಪಾಠಕ ಮೊದಲಾದ ಕೆಳಗಿನ ದೀಕ್ಷೆಗಳನ್ನು ಮಾತ್ರ ಪಡೆದವರು ಮದುವೆಯಾಗಲೂ ಅವಕಾಶವಿದ್ದಿತು. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳೂ ಕ್ಲಾರ್ಕರೇ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರನು ರಚಿಸಿದ ‘ಕ್ಯಾಂಟರ್ಬರಿ ಕಥೆಗಳು’ ಎಂಬ ಕೃತಿಯಲ್ಲಿ ಬರುವ ಆಕ್ಸ್‌ಫರ್ಡಿನ ಕ್ಲಾರ್ಕನು ಹರಿದ ಮೇಲುಡುಪಿನ ಬಡ ವಿದ್ವಾಂಸ. ಒಳ್ಳೆಯ ಬಟ್ಟೆಗಿಂತ, ವಾದ್ಯವಿನೋದಗಳಿಗಿಂತ, ಹಾಸಿಗೆಯ ತಲೆದೆಸೆಯಲ್ಲಿ ಅರಿಸ್ಟಾಟಲನ ಇಪ್ಪತ್ತು ಗ್ರಂಥಗಳಿರುವುದೇ ಅವನಿಗೆ ಪ್ರಿಯ. ಅವನು ಪಾದ್ರಿಯ ಅಧಿಕಾರವನ್ನಾಗಲಿ, ಕಚೇರಿಯ ಉದ್ಯೋಗವನ್ನಾಗಲಿ ಇನ್ನೂ ಪಡೆದವನಲ್ಲ. ಎರಡು ಅರ್ಥಗಳ ನಡುವಣ ಹೊಸ್ತಿಲಿನ ಮೇಲೆ ಅವನು ನಿಂತಿದ್ದಾನೆ.

4

ಶಬ್ದದ ಅರ್ಥ ನ್ಯಾಯಾಲಯದಲ್ಲಿ ಪ್ರಾಣದ ಬೆಲೆ ಪಡೆದುದು ಇನ್ನೊಂದು ಕಾರಣದಿಂದ. ಅಪರಾಧಮಾಡಿದ ಕ್ಲಾರ್ಕನನ್ನು ದಂಡಿಸುವ ಅಧಿಕಾರ ಅರಸನದೋ ಚರ್ಚಿನದೋ ಎಂಬುದು ಹನ್ನೆರಡನೆಯ ಶತಮಾನದ ದೊಡ್ಡ ವಿವಾದ. ಎರಡನೆಯ ಹೆನ್ರಿಯು 1164ರ ಕ್ಲಾರೆಂಡನ್ ನಿಬಂಧನೆಗಳಲ್ಲಿ ಇಂತಹವರನ್ನು ಚರ್ಚಿನ ರಕ್ಷಣೆಯಿಂದ ಹೊರತಂದು ರಾಜದಂಡಕ್ಕೆ ಗುರಿಪಡಿಸಲು ಯತ್ನಿಸಿದನು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ಟನು ಇದನ್ನು ವಿರೋಧಿಸಿದನು. 1170ರ ಡಿಸೆಂಬರ್ 29ರಂದು ಬೆಕೆಟ್ಟನು ತನ್ನ ಚರ್ಚಿನಲ್ಲಿಯೇ ಕೊಲೆಯಾದ ಮೇಲೆ ಅರಸನು ಹಿಂಜರಿಯಬೇಕಾಯಿತು. ಘೋರಾಪರಾಧದ ಆರೋಪಕ್ಕೆ ಒಳಗಾದ ಕ್ಲಾರ್ಕನನ್ನು ಬಿಷಪ್ಪನ ನ್ಯಾಯಸ್ಥಾನಕ್ಕೆ ಒಪ್ಪಿಸುವ ಪದ್ಧತಿ ಹೀಗೆ ಬೇರೂರಿತು. ಆ ನ್ಯಾಯಸ್ಥಾನ ಮರಣದಂಡನೆ ವಿಧಿಸುವಂತಿರಲಿಲ್ಲ. ರಾಜನ್ಯಾಯಾಲಯದಲ್ಲಿಯಾದರೋ ಘೋರಾಪರಾಧಕ್ಕೆ ಸಾಮಾನ್ಯವಾಗಿ ಗಲ್ಲೇ ಶಿಕ್ಷೆ.

ಆದರೆ ಎದುರಿಗೆ ನಿಂತ ಆರೋಪಿಯು ಕ್ಲಾರ್ಕನೆಂಬುದನ್ನು ಗುರುತಿಸುವುದು ಹೇಗೆ? ಉಡುಪನ್ನು ಎರವಲು ಪಡೆಯಬಹುದು. ನೆತ್ತಿಯನ್ನು ಸೆರೆಮನೆಯಲ್ಲಿಯೂ ಕ್ಷೌರಮಾಡಿಸಿಕೊಳ್ಳಬಹುದು. ಕ್ಲಾರ್ಕನೆಂದರೆ ಓದಬಲ್ಲವನು ಎಂಬ ಸಮೀಕರಣ ಜನರ ಮನಸ್ಸಿನಲ್ಲಿ ಆಗಲೇ ಇದ್ದಿತಷ್ಟೆ. ನ್ಯಾಯಾಲಯ ಅದನ್ನೇ ಒರೆಗಲ್ಲಾಗಿ ಮಾಡಿಕೊಂಡಿತು. ಆರೋಪಿಯ ಕೈಗೆ ಲ್ಯಾಟಿನ್ ಕೀರ್ತನೆಗಳ ಪುಸ್ತಕವನ್ನು ಕೊಟ್ಟು ಓದಿಸುತ್ತಿದ್ದರು. ಬಿಷಪ್ಪನ ಪ್ರತಿನಿಧಿಯು ‘ಕ್ಲಾರ್ಕನಂತೆ ಓದುತ್ತಾನೆ’ ಎಂದು ಹೇಳಿದರೆ ಪ್ರಾಣ ಉಳಿಯಿತು. ‘ಓದುವುದಿಲ್ಲ’ ಎಂದರೆ ಗಲ್ಲು. ಮೂರನೆಯ ಎಡ್ವರ್ಡನ ಕಾಲದಿಂದೀಚೆಗೆ ದೀಕ್ಷೆಯ ಪ್ರಶ್ನೆ ಹಿಂದೆ ಸರಿಯಿತು. ಓದಬಲ್ಲ ಗೃಹಸ್ಥನೂ ಈ ರಕ್ಷಣೆಯನ್ನು ಪಡೆಯತೊಡಗಿದನು. ಕ್ಲಾರ್ಕನೆಂದರೆ ಓದಬಲ್ಲವನು ಎಂಬ ಮಾತನ್ನು ನ್ಯಾಯಶಾಸ್ತ್ರ ತಿರುಗುಮುರುಗು ಮಾಡಿ, ಓದಬಲ್ಲವನೇ ಕ್ಲಾರ್ಕನು ಎಂದು ಓದಿತು.

ಸಾಮಾನ್ಯವಾಗಿ ಓದಿಸುತ್ತಿದ್ದುದು ದೇವರ ಕರುಣೆಯನ್ನು ಬೇಡುವ ಐವತ್ತೊಂದನೆಯ ಕೀರ್ತನೆಯ ಪ್ರಾರಂಭದ ವಚನ; ಲ್ಯಾಟಿನ್ ಪಾಠದಲ್ಲಿ ಅದು ಐವತ್ತನೆಯದು. ಕೊರಳನ್ನು ಉಳಿಸುತ್ತಿದ್ದುದರಿಂದ ಜನ ಅದಕ್ಕೆ ‘ಕೊರಳಿನ ವಚನ’ ಎಂದೇ ಹೆಸರಿಟ್ಟರು. ಒಂದೇ ವಚನ ಮತ್ತೆ ಮತ್ತೆ ಬಂದಾಗ ಅಕ್ಷರ ತಿಳಿಯದವನೂ ಅದನ್ನು ಬಾಯಿಪಾಠಮಾಡಿ ಒಪ್ಪಿಸಬಹುದಾಗಿದ್ದಿತು. ನ್ಯಾಯಾಧೀಶರಿಗೆ ಇದು ತಿಳಿಯದ ವಿಷಯವಲ್ಲ. ಸಣ್ಣ ಕಳವಿಗೂ ಗಲ್ಲು ವಿಧಿಸುವ ಕಾನೂನಿನ ಕ್ರೌರ್ಯವನ್ನು ತಗ್ಗಿಸುವುದಕ್ಕೆ ಇದೊಂದು ದಾರಿಯಾಗಿದ್ದುದರಿಂದ ಅವರು ಹಲವು ವೇಳೆ ಕಂಡೂ ಕಾಣದಂತಿದ್ದರು. ಆದರೆ ಈ ದಾಕ್ಷಿಣ್ಯ ಎಲ್ಲರ ಪಾಲಿಗೂ ಇರಲಿಲ್ಲ. ಹೆಂಗಸರು ದೀಕ್ಷೆಗೆ ಅರ್ಹರಲ್ಲವಾದುದರಿಂದ, ಸಂನ್ಯಾಸಿನಿಯರನ್ನು ಬಿಟ್ಟರೆ, ಓದಬಲ್ಲ ಹೆಂಗಸಿಗೂ ರಕ್ಷಣೆಯಿಲ್ಲ. ಎರಡು ಸಲ ಮದುವೆಯಾದವನಿಗೂ, ವಿಧವೆಯನ್ನು ಮದುವೆಯಾದವನಿಗೂ 1276ರ ಶಾಸನದಂತೆ ಇದು ತಪ್ಪಿತು. ಚರ್ಚಿನ ವಿಧಿಯ ಪ್ರಕಾರ ಇಬ್ಬರೂ ದ್ವಿವಿವಾಹಿಗಳು. ಒಂದೇ ಅಪರಾಧವನ್ನು ಒಟ್ಟಿಗೆ ಮಾಡಿದ ಗಂಡಸು ಹೆಂಗಸರಲ್ಲಿ, ವಚನ ಓದಿದ ಗಂಡಸು ಬದುಕಿ, ಹೆಂಗಸು ಗಲ್ಲಿಗೆ ಹೋಗುವುದು ನ್ಯಾಯಸಮ್ಮತವೇ ಆಗಿದ್ದಿತು.

5

ಓದು ಬಲ್ಲವರ ಸಂಖ್ಯೆ ಹೆಚ್ಚಿದಂತೆ ಅರಸರು ಈ ರಕ್ಷಣೆಯನ್ನು ಕುಗ್ಗಿಸುತ್ತ ಬಂದರು. ವಿಲಿಯಂ ಕ್ಯಾಕ್ಸ್‌ಟನ್ನನು 1476ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯವನ್ನು ತೆರೆದನು. ಹದಿಮೂರು ವರ್ಷಗಳ ತರುವಾಯ, 1489ರಲ್ಲಿ ಬಂದ ಶಾಸನ ನಿಜವಾದ ದೀಕ್ಷಿತನಿಗೂ ಕೇವಲ ಓದಬಲ್ಲವನಿಗೂ ಮತ್ತೆ ಭೇದವೆಣಿಸಿತು. ದೀಕ್ಷೆಯಿಲ್ಲದವನು ಒಂದು ಸಲ ಮಾತ್ರ ಈ ರಕ್ಷಣೆಯನ್ನು ಪಡೆಯಬಹುದು. ಅದರ ಗುರುತಿಗಾಗಿ ಅವನ ಎಡಗೈ ಹೆಬ್ಬೆರಳಿಗೆ ಕಾದ ಕಬ್ಬಿಣದಿಂದ ಅಕ್ಷರಮುದ್ರೆ ಒತ್ತುತ್ತಿದ್ದರು. ಕೊಲೆಗೆ ‘ಎಂ’, ಇತರ ಅಪರಾಧಗಳಿಗೆ ‘ಟಿ’. ಅಕ್ಷರದಿಂದ ಬದುಕಿದವನ ಮೈಮೇಲೆ ಅಕ್ಷರವೇ ಕಳಂಕವಾಗಿ ಉಳಿಯಿತು. ನಾಟಕಕಾರ ಬೆನ್ ಜಾನ್ಸನ್ನನು 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರನೆಂಬ ನಟನನ್ನು ದ್ವಂದ್ವದಲ್ಲಿ ಕೊಂದು, ವಚನ ಓದಿ, ಹೆಬ್ಬೆರಳಿಗೆ ಮುದ್ರೆ ಹಾಕಿಸಿಕೊಂಡು ಪಾರಾದನು. ಅವನ ಮುಖ್ಯ ನಾಟಕಗಳಲ್ಲಿ ಹೆಚ್ಚಿನವು ಹುಟ್ಟಿದುದು ಆ ಅನಂತರ.

ಈ ನಡುವೆ ಹದಿನಾರನೆಯ ಶತಮಾನದ ಶಾಸನಗಳು ಪೂರ್ವಸಂಕಲ್ಪಿತ ಕೊಲೆಯೇ ಮೊದಲಾದ ಹಲವು ಅಪರಾಧಗಳನ್ನು ‘ಕ್ಲರ್ಜಿಯ ರಕ್ಷಣೆಯಿಲ್ಲದವು’ ಎಂದು ಸಾರಿದವು. 1547ರಲ್ಲಿ ಶ್ರೀಮಂತ ಪ್ರಭುಗಳಿಗೆ, ಓದಲು ಬಾರದಿದ್ದರೂ, ಈ ಸೌಲಭ್ಯವನ್ನು ನೀಡಲಾಯಿತು. 1576ರ ತರುವಾಯ ಅಪರಾಧಿಯನ್ನು ಬಿಷಪ್ಪನಿಗೆ ಒಪ್ಪಿಸುವ ಪದ್ಧತಿಯೂ ನಿಂತುಹೋಯಿತು. ಹೆಂಗಸರಿಗೆ 1623ರಲ್ಲಿ ಅಲ್ಪಬೆಲೆಯ ಕಳವಿನ ಮಟ್ಟಿಗೆ, 1690ರ ದಶಕದ ಪ್ರಾರಂಭದಲ್ಲಿ ಗಂಡಸರಿಗೆ ಸಮನಾಗಿ, ಇದೇ ರಕ್ಷಣೆ ದೊರೆಯಿತು. ಕೊನೆಗೆ 1706ರ ಶಾಸನ ಓದಿನ ಪರೀಕ್ಷೆಯನ್ನೇ ತೆಗೆದುಹಾಕಿತು. ಓದು ತಿಳಿಯದ ಬಡವನೇ ಕಠಿನವಾದ ಶಿಕ್ಷೆಗೆ ಗುರಿಯಾಗುವುದು ಅನ್ಯಾಯವೆಂಬ ಅರಿವು ಮೂಡಲು ಅಷ್ಟು ಶತಮಾನಗಳು ಬೇಕಾದುವು. 1770ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜನರ ಮೇಲೆ ಗುಂಡುಹಾರಿಸಿ ತಪ್ಪಿತಸ್ಥರೆನಿಸಿದ ಇಬ್ಬರು ಸೈನಿಕರು ಪಾರಾದುದೂ ಇದೇ ರಕ್ಷಣೆಯಿಂದ, ಇದೇ ಹೆಬ್ಬೆರಳಿನ ಮುದ್ರೆಯಿಂದ. ಇಂಗ್ಲೆಂಡಿನಲ್ಲಿ ಇದು ಪೂರ್ಣವಾಗಿ ರದ್ದಾದುದು 1827ರಲ್ಲಿ.

ಈ ಕಾನೂನಿನ ನೆರಳು ಭಾರತದ ಚರಿತ್ರೆಯ ಮೇಲೂ ಬಿದ್ದಿದೆ. ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಮಹಾರಾಜ ನಂದಕುಮಾರನನ್ನು ಖೋಟಾ ದಸ್ತಾವೇಜಿನ ಆರೋಪದ ಮೇಲೆ ವಿಚಾರಿಸಿದುದು ಎರಡನೆಯ ಜಾರ್ಜನ ಕಾಲದ ಒಂದು ಆಂಗ್ಲ ಶಾಸನದ ಪ್ರಕಾರ. ಆ ಶಾಸನ ಖೋಟಾ ಬರಹವನ್ನು ಕ್ಲರ್ಜಿಯ ರಕ್ಷಣೆಯಿಲ್ಲದ ಅಪರಾಧವೆಂದು ವಿಧಿಸಿದ್ದಿತು. 1775ರ ಆಗಸ್ಟ್ 5ರಂದು ನಂದಕುಮಾರನನ್ನು ಗಲ್ಲಿಗೇರಿಸಿದರು. ಇಂಗ್ಲೆಂಡಿನ ಬಿಷಪ್ಪನಿಗೂ ಅರಸನಿಗೂ ನಡೆದ ಹಳೆಯ ವ್ಯಾಜ್ಯದಿಂದ ಹುಟ್ಟಿದ ಪದಪುಂಜ, ಅದರ ಅರ್ಥವನ್ನೇ ಕೇಳಿರದ ನಾಡಿನಲ್ಲಿ ಒಬ್ಬನ ಮರಣಪತ್ರಕ್ಕೆ ಆಧಾರವಾಯಿತು.

6

ನ್ಯಾಯಾಲಯದಲ್ಲಿ ಹೀಗೆ ನಡೆಯುತ್ತಿರುವಾಗಲೇ ಶಬ್ದ ಇನ್ನೊಂದು ಹಾದಿಯಲ್ಲಿ ಸಾಗುತ್ತಿದ್ದಿತು. ಅರಸನ ಬರಹಗಾರರು, ನಗರಸಭೆಯ ಬರಹಗಾರರು ಮೊದಮೊದಲು ದೀಕ್ಷಿತರೇ ಆಗಿದ್ದುದರಿಂದ ಆ ಹುದ್ದೆಗಳಿಗೂ ಕ್ಲಾರ್ಕ್ ಎಂಬ ಹೆಸರು ನಿಂತಿತು. ಕಾಮನ್ಸ್ ಸಭೆಯ ಕ್ಲಾರ್ಕನಾಗಿ ರಾಬರ್ಟ್ ಡಿ ಮೆಲ್ಟನ್ನನು 1363ರಲ್ಲಿ ನಿಯುಕ್ತನಾದನು. ಕಾಲಾನಂತರ ಗೃಹಸ್ಥರು ಈ ಹುದ್ದೆಗಳಿಗೆ ಬಂದರೂ ಹೆಸರು ಬದಲಾಗಲಿಲ್ಲ. ಹದಿನಾರನೆಯ ಶತಮಾನದ ಹೊತ್ತಿಗೆ ವರ್ತಕನ ಲೆಕ್ಕ ಬರೆಯುವವನೂ ಕ್ಲಾರ್ಕನಾದನು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಂಕುಗಳೂ ರೈಲ್ವೆ ಕಂಪನಿಗಳೂ ಬೆಳೆದು, ಈ ಹೆಸರಿನವರು ದೊಡ್ಡದೊಂದು ಸಮುದಾಯವೇ ಆದರು. 1843ರಲ್ಲಿ ಪ್ರಕಟವಾದ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯಲ್ಲಿ ವಾರಕ್ಕೆ ಹದಿನೈದು ಷಿಲಿಂಗಿಗೆ ದುಡಿಯುವ ಬಾಬ್ ಕ್ರಾಚಿಟ್ಟನು ಆ ಸಮುದಾಯದ ಪ್ರತಿನಿಧಿ. ಚಾಸರನ ಕ್ಲಾರ್ಕನಂತೆ ಇವನೂ ಬಡವನೇ. ಆದರೆ ಆ ಬಡತನಕ್ಕೆ ದೊರೆಯುತ್ತಿದ್ದ ಗೌರವ ಇವನದಕ್ಕೆ ದೊರೆಯದು.

ಉಚ್ಚಾರಣೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಕಾಗುಣಿತದಲ್ಲಿ ‘ಕ್ಲೆರ್ಕ್’ ಎಂದಿದ್ದರೂ ಇಂಗ್ಲೆಂಡಿನವರು ‘ಕ್ಲಾರ್ಕ್’ ಎನ್ನುತ್ತಾರೆ. ಮಧ್ಯಕಾಲೀನ ಇಂಗ್ಲಿಷಿನ ಕೊನೆಯ ಹಂತದಲ್ಲಿ ‘ಎರ್’ ಧ್ವನಿಯು ಅನೇಕ ಶಬ್ದಗಳಲ್ಲಿ ‘ಆರ್’ ಆಯಿತು. ‘ಸಾರ್ಜೆಂಟ್’, ‘ಡಾರ್ಬಿ’ ಎಂಬ ಉಚ್ಚಾರಣೆಗಳು ಹುಟ್ಟಿದುದು ಹೀಗೆ; ‘ಪರ್ಸನ್’, ‘ಪಾರ್ಸನ್’ ಎಂಬುವು ಮೂಲತಃ ಒಂದೇ ಶಬ್ದದ ಎರಡು ರೂಪಗಳು. ‘ಕ್ಲಾರ್ಕ್’ ಎಂಬ ಮನೆತನದ ಹೆಸರಿನಲ್ಲಿ ಬರಹವೂ ಧ್ವನಿಯನ್ನು ಅನುಸರಿಸಿದೆ. ಅಮೆರಿಕದವರು ಕಾಗುಣಿತವನ್ನು ಅನುಸರಿಸಿ ‘ಕ್ಲರ್ಕ್’ ಎನ್ನುತ್ತಾರೆ. ಕನ್ನಡದ ‘ಕ್ಲಾರ್ಕ್’ ಬ್ರಿಟಿಷರ ಕಿವಿಮಾತಿನಿಂದ ಬಂದುದೆಂಬುದಕ್ಕೆ ಅದರ ದೀರ್ಘಸ್ವರವೇ ಸಾಕ್ಷಿ.

7

ಈಸ್ಟ್ ಇಂಡಿಯಾ ಕಂಪನಿಯ ಅತ್ಯಂತ ಕೆಳಗಿನ ದರ್ಜೆಯ ನೌಕರನ ಹೆಸರು ‘ರೈಟರ್’, ಎಂದರೆ ಬರಹಗಾರ. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಅವರಿಗಾಗಿ ಕಟ್ಟಿದುದು. ನಮ್ಮ ಪೊಲೀಸ್ ಠಾಣೆಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಬರಹಗಾರನ ವೃತ್ತಿ ಕನ್ನಡ ನಾಡಿಗೆ ಇವರಿಂದ ಬಂದುದೇನೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳನ್ನು ಬರೆದವನು ಚಪಡನೆಂಬ ಲಿಪಿಕಾರ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬ ಕಡೆಯ ಶಬ್ದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ತನ್ನ ಹೆಸರಿಗಿಂತ ತನ್ನ ವೃತ್ತಿಯನ್ನೇ ಹೀಗೆ ಎತ್ತಿ ತೋರಿಸಿದ ಬರಹಗಾರನು ಈ ನಾಡಿನ ದಾಖಲೆಗಳ ಮೊದಲ ಪುಟದಲ್ಲಿಯೇ ನಮಗೆ ಎದುರಾಗುತ್ತಾನೆ. ಮುಂದಿನ ಶಾಸನಗಳಲ್ಲಿ ಸೇನಬೋವರೂ ಕರಣಿಕರೂ ಕಾಣಿಸಿಕೊಳ್ಳುತ್ತಾರೆ. ಗುಮಾಸ್ತ ಶಬ್ದ ಫಾರಸಿಯದು. ನಿಯುಕ್ತನಾದವನು ಎಂದು ಅದರ ಮೂಲಾರ್ಥ.

ಇವುಗಳೊಡನೆ ಹೋಲಿಸಿದಾಗ ಕ್ಲಾರ್ಕ್ ಶಬ್ದದ ಗತಿಯನ್ನು ಕೇವಲ ಅಪಕರ್ಷವೆನ್ನುವುದು ಏಕೆ ಸಾಲದೆಂಬುದು ತಿಳಿಯುತ್ತದೆ. ಅರಬಿ ಮೂಲದ ‘ಮುತ್ಸದ್ದಿ’ ಶಬ್ದ ಆಡಳಿತದಲ್ಲಿ ಲೆಕ್ಕಪತ್ರ ನೋಡುವವನಿಗೆ, ಬರಹಗಾರನಿಗೆ ಸಲ್ಲುತ್ತಿದ್ದಿತು. ಇಂದಿನ ಕನ್ನಡದಲ್ಲಿ ಅದು ರಾಜನೀತಿನಿಪುಣನೆಂಬ ಅರ್ಥಕ್ಕೆ ಏರಿದೆ. ಇಂಗ್ಲಿಷಿನ ‘ಸೆಕ್ರೆಟರಿ’ಯೂ ಗುಟ್ಟಿನ ಪತ್ರಗಳನ್ನು ಬರೆಯುವವನಾಗಿದ್ದು ಮಂತ್ರಿಯ ಪದವಿಗೆ ಏರಿದನು. ಬರಹದ ಕೆಲಸಕ್ಕೆ ಸ್ವಭಾವತಃ ಇಳಿಯುವ ಗುಣವಿದ್ದರೆ ಇವೂ ಇಳಿಯಬೇಕಾಗಿದ್ದಿತು. ಅಧಿಕಾರದ ಸಮೀಪದಲ್ಲಿ ಉಳಿದ ಬರಹಗಾರನ ಹೆಸರು ಏರಿತು. ವಿದ್ಯೆಯ ವಿರಳತೆಯನ್ನೇ ನಂಬಿದ್ದವನ ಹೆಸರು, ವಿದ್ಯೆ ಹಬ್ಬಿದಂತೆ ಸಾಮಾನ್ಯವಾಯಿತು.

ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಪಿತ್ರಾರ್ಜಿತವೆಂಬ ಅರ್ಥದ ಶಬ್ದದಿಂದ ಹೆಸರು ಪಡೆದ ಕ್ಲಾರ್ಕನ ಪದವಿ ಧರ್ಮವಿಧಿಯಂತೆ ಮಗನಿಗೆ ಬರುವಂತಿರಲಿಲ್ಲ. ನಮ್ಮ ಗ್ರಾಮಗಳ ಶಾನುಭೋಗಿಕೆಯಾದರೋ ವಂಶಪಾರಂಪರ್ಯವಾಗಿ ನಡೆದುಬಂದಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಶಾಸನ 1963ರಲ್ಲಿ ಜಾರಿಗೆ ಬಂದ ಮೇಲೆ ಈ ಹಕ್ಕು ಕೊನೆಗೊಂಡಿತು. ಅಲ್ಲಿ ವಚನ ಓದಲಾರದೆ ಗಲ್ಲಿಗೆ ಹೋದವನಿಗೂ, ಇಲ್ಲಿ ತನ್ನ ಜಮೀನಿನ ಲೆಕ್ಕದಲ್ಲಿ ಏನು ಬರೆದಿದೆಯೆಂದು ಓದಲಾರದೆ ಹೆಬ್ಬೆಟ್ಟು ಒತ್ತಿದವನಿಗೂ ಇದ್ದ ಕಷ್ಟ ಒಂದೇ ಜಾತಿಯದು. ತನ್ನ ಬಾಳನ್ನು ನಿರ್ಧರಿಸುವ ಅಕ್ಷರ ಮತ್ತೊಬ್ಬನ ಸೊತ್ತಾಗಿದ್ದಿತು.

ಆದುದರಿಂದ ಕ್ಲಾರ್ಕ್ ಶಬ್ದ ಇಂದು ಸಾಮಾನ್ಯವಾದ ಉದ್ಯೋಗವೊಂದರ ಹೆಸರಾಗಿ ನಿಂತಿರುವುದನ್ನು ವಿಷಾದದಿಂದ ಕಾಣಬೇಕಾಗಿಲ್ಲ. ಓದಬಲ್ಲವನೆಂಬ ಮಾತು ಯಾರಿಗೂ ವಿಶೇಷ ಬಿರುದಾಗಿ ಉಳಿಯದಷ್ಟು ಓದು ಹಬ್ಬಿದಾಗ ಮಾತ್ರ ಇಂತಹ ಶಬ್ದ ತನ್ನ ಹಿರಿಮೆಯನ್ನು ಕಳೆದುಕೊಳ್ಳಬಲ್ಲುದು. ಶಬ್ದಕ್ಕೆ ಆದ ನಷ್ಟ ಜನರಿಗೆ ಲಾಭವಾಗಿದೆ.